ಸೋವಿಯತ್ ಸ್ನೈಪರ್ ರೈಫಲ್: ಅಸಲಿ ಯಾವುದು, ಮತ್ತೆ ಕಟ್ಟಿದ್ದು ಯಾವುದು, ಯಾವುದಕ್ಕೆ ಹಣ ಕೊಡಬಹುದು

ಎರಡನೆಯ ಮಹಾಯುದ್ಧದ ಸೋವಿಯತ್ ಸ್ನೈಪರ್ ರೈಫಲ್ ಎಂಬ ಒಂದೇ ಹೆಸರಿನಲ್ಲಿ ಇಂದು ಕನಿಷ್ಠ ಐದು ಬಗೆಯ ವಸ್ತುಗಳು ಮಾರಾಟಕ್ಕೆ ಬರುತ್ತವೆ. ಕಾರ್ಖಾನೆಯಿಂದ ಹೊರಟು, ಯುದ್ಧ ಮುಗಿಸಿ, ಯಾರ ಕೈಯೂ ಸೋಕದೆ ಉಳಿದದ್ದು ಒಂದು. ಯುದ್ಧದ ನಂತರ ಸೋವಿಯತ್ ಶಸ್ತ್ರಾಗಾರದಲ್ಲೇ ದುರಸ್ತಿಯಾಗಿ ಉಗ್ರಾಣ ಸೇರಿದ್ದು ಇನ್ನೊಂದು. ಸ್ಕೋಪ್ (ಗುರಿ ಹಿಡಿಯಲು ರೈಫಲ್ ಮೇಲೆ ಕೂರಿಸುವ ದುರ್ಬೀನು) ಕಿತ್ತು, ತೂತು ಮುಚ್ಚಿ, ಸಾಮಾನ್ಯ ಕಾಲಾಳು ರೈಫಲ್ ಆಗಿ ಮಾರ್ಪಟ್ಟದ್ದು ಮೂರನೆಯದು. ಸಂಗ್ರಾಹಕರು ಇದನ್ನು ಎಕ್ಸ್-ಸ್ನೈಪರ್ ಎನ್ನುತ್ತಾರೆ. ಅದೇ ಎಕ್ಸ್-ಸ್ನೈಪರಿಗೆ ಈಚೆಗೆ ಯಾರೋ ಮತ್ತೆ ಸ್ಕೋಪ್ ಕೂರಿಸಿದ್ದು ನಾಲ್ಕನೆಯದು. ಸ್ನೈಪರ್ ಆಗಿಯೇ ಇರದ ರೈಫಲ್‌ಗೆ ತೂತು ಕೊರೆದು ಹೊಸ ಮೌಂಟ್ (ಸ್ಕೋಪನ್ನು ಹಿಡಿದಿಡುವ ಲೋಹದ ಭಾಗ) ಹಾಕಿದ್ದು ಐದನೆಯದು. ಮೂರು ಅಡಿ ದೂರದಿಂದ ನೋಡಿದರೆ ಐದೂ ಒಂದೇ. ಬೆಲೆಯಲ್ಲಿ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಹಲವು ಪಟ್ಟು ಅಂತರ.

ಈ ಐದರಲ್ಲಿ ಯಾವುದೂ ಕೆಟ್ಟದ್ದಲ್ಲ ಎಂಬುದು ನನ್ನ ನಂಬಿಕೆ. ಐದನೆಯದನ್ನು ಮೊದಲನೆಯದರ ಬೆಲೆಗೆ ಮಾರುವುದು ಕೆಟ್ಟದ್ದು. ಕೊಳ್ಳುವವರು ಅಸಲಿಯ ಗುರುತುಗಳನ್ನು ತಾವೇ ಓದಲು ಕಲಿತರೆ ಆ ವ್ಯಾಪಾರ ತಾನಾಗಿ ನಿಲ್ಲುತ್ತದೆ. ಓದಲು ಬೇಕಾದ ಬಹುಪಾಲು ಸಂಗತಿ ರೈಫಲ್‌ನ ಎಡಬದಿಯಲ್ಲಿ, ಅಂಗೈಯಗಲದ ಜಾಗದಲ್ಲೇ ಇದೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಸೇನಾ ಬೋರಿನ ಇಂಥ ರೈಫಲ್ ಸಾಮಾನ್ಯ ನಾಗರಿಕರ ಕೈಗೆ ಬರುವಂಥದ್ದಲ್ಲ. ಊರಿನಲ್ಲಿರುವ ಓದುಗರು ಇದನ್ನು ಇತಿಹಾಸವಾಗಿ, ವಸ್ತುಸಂಗ್ರಹಾಲಯದ ಗಾಜಿನಾಚೆಯ ವಸ್ತುವನ್ನು ಓದುವ ಕಲೆಯಾಗಿ ನೋಡಬೇಕು. ಕೊಳ್ಳುವ ಮಾತು ಅಮೆರಿಕದಂಥ ದೇಶಗಳಲ್ಲಿ ನೆಲೆಸಿರುವ ಕನ್ನಡಿಗ ಸಂಗ್ರಾಹಕರಿಗೆ ಮಾತ್ರ. ಅಲ್ಲಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಬಂದೂಕುಗಳನ್ನು ಪುರಾತನ ಸಂಗ್ರಹದ ವರ್ಗಕ್ಕೆ ಸೇರಿಸುವ ಫೆಡರಲ್ ನಿಯಮವಿದೆ, ಅದಕ್ಕೆ ಸಂಗ್ರಾಹಕರ ಪ್ರತ್ಯೇಕ ಪರವಾನಗಿಯೂ ಇದೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಪೌರತ್ವ ಸಿಗುವ ಮುನ್ನ, ವೀಸಾದ ಮೇಲೆ ಇರುವವರು ವಕೀಲರನ್ನು ಕೇಳದೆ ಬಂದೂಕನ್ನು ಕೈಯಲ್ಲಿ ಹಿಡಿಯಲೂ ಹೋಗಬಾರದು.

ಮೊದಲು ಮಾದರಿ ಯಾವುದೆಂದು ತಿಳಿಯಿರಿ

ಸೋವಿಯತ್ ಸೇನೆಯ ಯುದ್ಧಕಾಲದ ಸ್ನೈಪರ್ ರೈಫಲ್‌ಗಳಲ್ಲಿ ಮುಖ್ಯವಾದವು ಮೂರು. ಮೂರೂ 7.62×54 ಮಿ.ಮೀ. ಅಂಚುಳ್ಳ ಕಾಡತೂಸನ್ನೇ ಹಾರಿಸುತ್ತವೆ.

ಹಳೆಯದು ಪಿ.ಇ. ಸ್ಕೋಪ್ ಹೊತ್ತ ಮೊಸಿನ್ 91/30. ಸೆರ್ಗೆಯ್ ಮೊಸಿನ್ ಅವರ ವಿನ್ಯಾಸಕ್ಕೆ ಬೆಲ್ಜಿಯಂನ ನಗಾಂತ್ ಅವರ ಕೆಲವು ಅಂಶಗಳು ಸೇರಿ 1891ರಲ್ಲಿ ರಷ್ಯಾದ ಸೇನೆಗೆ ಬಂದ ರೈಫಲ್ ಇದು. 1930ರಲ್ಲಿ ಪರಿಷ್ಕರಣೆಗೊಂಡು 91/30 ಆಯಿತು. ಮೂವತ್ತರ ದಶಕದ ಆರಂಭದಲ್ಲಿ ಜರ್ಮನಿಯ ಸ್ಕೋಪ್‌ಗಳ ಮಾದರಿ ಹಿಡಿದು ಸೋವಿಯತ್ ಕಾರ್ಖಾನೆಗಳು ನಾಲ್ಕು ಪಟ್ಟು ವರ್ಧಿಸುವ ಪಿ.ಇ. ಸ್ಕೋಪ್ ತಯಾರಿಸಿದವು. ಅದು ಉದ್ದ, ಭಾರ, ಮತ್ತು ಒಳಗೆ ಫೋಕಸ್ ಹೊಂದಿಸುವ ವ್ಯವಸ್ಥೆಯೂ ಇತ್ತು. ನೀರು, ತೇವ ಒಳಗೆ ನುಗ್ಗಲು ಅದೇ ದಾರಿಯಾಯಿತೆಂದು ಫೋಕಸ್ ತೆಗೆದುಹಾಕಿ ಮಾಡಿದ್ದು ಪಿ.ಇ.ಎಂ. ಮೊದಲು ರಿಸೀವರ್‌ನ (ನಳಿಗೆಯ ಹಿಂದೆ, ಗುಂಡು ಹಾರಿಸುವ ಯಂತ್ರವನ್ನು ಒಳಗೊಂಡ ಲೋಹದ ಭಾಗ) ನೆತ್ತಿಯ ಮೇಲೆ, ಆಮೇಲೆ ಎಡಬದಿಗೆ ಮೌಂಟ್ ಬಂತು. 1941ರ ಸೋಲುಗಳಲ್ಲಿ ಇವುಗಳಲ್ಲಿ ಬಹಳಷ್ಟು ನಾಶವಾದವು. ಅಸಲಿ ಪಿ.ಇ. ಕಾಣಸಿಗುವುದೇ ಅಪರೂಪ, ಕಂಡರೆ ಬೆಲೆ ಮುಗಿಲು ಮುಟ್ಟಿರುತ್ತದೆ. ಮೊದಲ ಖರೀದಿಗೆ ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಇದರ ಮೌಂಟ್‌ಗಳ ನಕಲುಗಳೂ ಬಂದಿವೆ, ತಜ್ಞರೂ ಎಡವುತ್ತಾರೆ.

ಎರಡನೆಯದು ಫ್ಯೊದೊರ್ ತೊಕರೆವ್ ಅವರ ಅರೆ-ಸ್ವಯಂಚಾಲಿತ ಎಸ್‌ವಿಟಿ-40. ಮೊಸಿನ್‌ನ ಕಾಲ ಮುಗಿಯಿತು, ಇನ್ನು ಮುಂದೆ ಸ್ನೈಪರ್‌ಗಳಿಗೂ ಇದೇ ಎಂದು ಸೋವಿಯತ್ ಸೇನೆ ತೀರ್ಮಾನಿಸಿತ್ತು. ಪುಟ್ಟ ಪಿ.ಯು. ಸ್ಕೋಪ್ ಹುಟ್ಟಿದ್ದೇ ಇದಕ್ಕಾಗಿ. ಸೆವಾಸ್ತೊಪೋಲ್‌ನ ಹೋರಾಟದಲ್ಲಿ ಹೆಸರಾದ ಲ್ಯುದ್ಮಿಲಾ ಪಾವ್ಲಿಚೆಂಕೊ ಅವರ ಪ್ರಸಿದ್ಧ ಛಾಯಾಚಿತ್ರಗಳಲ್ಲಿ ಕಾಣುವುದೂ ಈ ರೈಫಲ್ಲೇ. ಆದರೆ ಗುಂಡುಗಳು ನಿರೀಕ್ಷಿಸಿದಷ್ಟು ಒತ್ತಾಗಿ ಬೀಳಲಿಲ್ಲ, ನಿರ್ವಹಣೆ ಕಷ್ಟವಾಯಿತು, 1942ರಲ್ಲಿ ಸ್ನೈಪರ್ ಆವೃತ್ತಿಯ ತಯಾರಿಕೆ ನಿಂತಿತು. ಕೊಳ್ಳುವವರು ಗಮನಿಸಬೇಕಾದ ಸೂಕ್ಷ್ಮ ಒಂದಿದೆ. 1940–41ರ ಸಾಮಾನ್ಯ ಎಸ್‌ವಿಟಿಗಳ ರಿಸೀವರ್ ಪಕ್ಕದಲ್ಲೂ ಸ್ಕೋಪ್ ಕೂರಿಸುವ ಕಂಬಿಗಳಿರುತ್ತವೆ. ಕಂಬಿ ಇದ್ದ ಮಾತ್ರಕ್ಕೆ ಅದು ಸ್ನೈಪರ್ ಅಲ್ಲ. ರಿಸೀವರ್‌ನ ಹಿಂಭಾಗದ ಮೇಲ್ಗಡೆ ಮೌಂಟ್ ಕಚ್ಚಿಕೊಳ್ಳಲು ಕಾರ್ಖಾನೆಯಲ್ಲೇ ಕತ್ತರಿಸಿದ ಕಚ್ಚು ಇರಬೇಕು. ಆ ಕಚ್ಚನ್ನು ಮನೆಯಲ್ಲಿ ಕತ್ತರಿಸಿದವರೂ ಇದ್ದಾರೆ. ಕಚ್ಚಿನ ಅಂಚು ಹರಿತವಾಗಿದ್ದು, ಒಳಗಿನ ಲೋಹದ ಬಣ್ಣ ಸುತ್ತಲಿನ ಲೇಪಕ್ಕೆ ಹೊಂದದಿದ್ದರೆ ಮುಂದಿನ ಮಾತು ಬೇಡ.

ಮೂರನೆಯದು, ಇಂದು ಹೆಚ್ಚಾಗಿ ಸಿಗುವುದು, ಪಿ.ಯು. ಸ್ಕೋಪಿನ ಮೊಸಿನ್ 91/30. ಎಸ್‌ವಿಟಿ ಕೈಕೊಟ್ಟಾಗ 1942ರಲ್ಲಿ ಮತ್ತೆ ಮೊಸಿನ್ ಕಡೆ ತಿರುಗಿದರು. ಎಸ್‌ವಿಟಿಗೆಂದು ಮಾಡಿದ ಸ್ಕೋಪನ್ನೇ ಕೊಚೆಟೊವ್ ವಿನ್ಯಾಸದ ಪಕ್ಕದ ಮೌಂಟ್ ಮೇಲೆ ಕೂರಿಸಿದರು. ರಷ್ಯಾದ ಇಝೆವ್‌ಸ್ಕ್ ನಗರದ ಕಾರ್ಖಾನೆ ಇದನ್ನು ಭಾರೀ ಪ್ರಮಾಣದಲ್ಲಿ ತಯಾರಿಸಿತು. ತೂಲಾ ನಗರದ ಇನ್ನೊಂದು ಕಾರ್ಖಾನೆಯ ಯಂತ್ರಗಳನ್ನು 1941ರ ಶರತ್ಕಾಲದಲ್ಲಿ ಜರ್ಮನ್ನರು ಹತ್ತಿರ ಬಂದಾಗ ಪೂರ್ವಕ್ಕೆ ಸಾಗಿಸಬೇಕಾಯಿತು. ಆದ್ದರಿಂದ ಅಲ್ಲಿನ ಪಿ.ಯು. ರೈಫಲ್‌ಗಳು 1943–44ರವು, ಸಂಖ್ಯೆಯಲ್ಲಿ ಕಡಿಮೆ, ಬೆಲೆಯಲ್ಲಿ ಹೆಚ್ಚು. ಬಾಣವನ್ನು ಒಳಗೊಂಡ ತ್ರಿಕೋನ ಇಝೆವ್‌ಸ್ಕ್‌ನ ಗುರುತು. ಬಾಣವಿರುವ ನಕ್ಷತ್ರ ತೂಲಾದ್ದು. ಈ ಬರಹದ ಉಳಿದ ಭಾಗ ಬಹುಮಟ್ಟಿಗೆ ಈ ಮೂರನೆಯ ರೈಫಲ್ ಬಗ್ಗೆಯೇ.

ಎಡಗೋಡೆ ಹೇಳುವ ಸತ್ಯ

ರೈಫಲ್ ಕೈಗೆ ಬಂದೊಡನೆ ಖಾಲಿಯಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳಿ. ಮಾಲೀಕರ ಅನುಮತಿ ಕೇಳಿ ಬೋಲ್ಟ್ (ಕಾಡತೂಸನ್ನು ನಳಿಗೆಗೆ ತಳ್ಳಿ ಹಿಂಬದಿ ಮುಚ್ಚುವ, ಹಿಡಿಕೆಯುಳ್ಳ ಭಾಗ) ಹೊರತೆಗೆಯಿರಿ. ಈಗ ರಿಸೀವರ್‌ನ ಎಡಗೋಡೆಯನ್ನು ಹೊರಗಿನಿಂದಲೂ ಒಳಗಿನಿಂದಲೂ ದೀಪ ಹಿಡಿದು ನೋಡಬಹುದು.

ಅಸಲಿ ಪಿ.ಯು. ಮೌಂಟ್‌ನ ಬೇಸ್ ಎರಡು ದೊಡ್ಡ ಸ್ಕ್ರೂ ಮತ್ತು ಎರಡು ಪಿನ್‌ಗಳಿಂದ ಎಡಗೋಡೆಗೆ ಕೂತಿರುತ್ತದೆ. ದೊಡ್ಡ ಸ್ಕ್ರೂಗಳು ಸಡಿಲವಾಗದಂತೆ ಪಕ್ಕದಲ್ಲಿ ಚಿಕ್ಕ ಸ್ಕ್ರೂಗಳು ತಡೆಹಿಡಿದಿರುತ್ತವೆ. ಸ್ಕ್ರೂಗಳ ಕೆಲಸ ಹಿಡಿಯುವುದು. ಪಿನ್‌ಗಳ ಕೆಲಸ ಗುಂಡು ಹಾರಿದಾಗಿನ ಒದೆತಕ್ಕೆ ಬೇಸ್ ಕೂದಲೆಳೆಯಷ್ಟೂ ಜರುಗದಂತೆ ನೋಡಿಕೊಳ್ಳುವುದು. ನಕಲು ಮಾಡುವವರು ಬಹಳ ಸಲ ಎರಡು ಸ್ಕ್ರೂ ಹಾಕಿ ಕೈತೊಳೆದುಕೊಳ್ಳುತ್ತಾರೆ. ಪಿನ್‌ಗೆ ನಿಖರವಾಗಿ ತೂತು ಕೊರೆಯುವುದು ಕಷ್ಟದ ಕೆಲಸ. ಹೀಗಾಗಿ ಪಿನ್ ಇಲ್ಲದ ಬೇಸ್ ಎಂದರೆ ಬಹುಮಟ್ಟಿಗೆ ಐದನೆಯ ಬಗೆಯ ರೈಫಲ್.

ಎಕ್ಸ್-ಸ್ನೈಪರ್‌ನಲ್ಲಿ ಇದೇ ಜಾಗದಲ್ಲಿ ಬೇಸ್ ಇರುವುದಿಲ್ಲ, ಅದರ ಗಾಯದ ಕಲೆಗಳಿರುತ್ತವೆ. ತೂತುಗಳಿಗೆ ಲೋಹ ತುಂಬಿ, ಅರೆದು ಸಮ ಮಾಡಿ, ಮೇಲೆ ಕಪ್ಪು ಲೇಪ ಹಾಕಿರುತ್ತಾರೆ. ಹೊರಗಿನಿಂದ ಮಸುಕಾದ ವೃತ್ತಗಳಂತೆ ಕಾಣುತ್ತವೆ. ಹೊರಗೆ ಲೇಪ ದಪ್ಪಗಿದ್ದು ಏನೂ ಕಾಣದಿದ್ದರೂ ಬೋಲ್ಟ್ ಓಡಾಡುವ ಒಳಗೋಡೆಯಲ್ಲಿ ಕಾಣುತ್ತದೆ. ಅಲ್ಲಿ ಬೆಳಕನ್ನು ನೇರವಾಗಿ ಹಾಕಬೇಡಿ. ಓರೆಯಾಗಿ, ಗೋಡೆಗೆ ಸವರಿಕೊಂಡು ಹೋಗುವಂತೆ ಹಾಕಿ. ತುಂಬಿದ ಲೋಹ ಮತ್ತು ಮೂಲ ಉಕ್ಕಿನ ನಡುವಿನ ಸಣ್ಣ ಗಡಿ ಆಗ ತಾನಾಗಿ ಎದ್ದು ಕಾಣುತ್ತದೆ. ಮಾರುವವರಿಗೇ ಗೊತ್ತಿಲ್ಲದೆ ಸಾಮಾನ್ಯ ಮೊಸಿನ್‌ಗಳ ಸಾಲಿನಲ್ಲಿ ಎಕ್ಸ್-ಸ್ನೈಪರ್ ನಿಂತಿರುವುದುಂಟು. ಹಳೆಯ ಸಂಗ್ರಾಹಕರು ಅಂಗಡಿಗೆ ಹೋದರೆ ಎಲ್ಲ ರೈಫಲ್‌ಗಳ ಎಡಗೋಡೆಯನ್ನು ಸವರಿ ನೋಡುವುದು ಇದಕ್ಕಾಗಿಯೇ.

ನಾಲ್ಕನೆಯ ಬಗೆ, ಎಂದರೆ ಮತ್ತೆ ಸ್ಕೋಪ್ ಏರಿಸಿದ ಎಕ್ಸ್-ಸ್ನೈಪರ್, ಅತ್ಯಂತ ಗೊಂದಲದ್ದು. ತೂತುಗಳು ಅಸಲಿ, ರೈಫಲ್ ಅಸಲಿ, ಸ್ಕೋಪ್ ಕೂಡ ಅಸಲಿ ಇರಬಹುದು. ಸುಳ್ಳು ಇರುವುದು ಅವು ಮೊದಲಿನಿಂದಲೂ ಒಟ್ಟಿಗಿದ್ದವು ಎಂಬ ಮಾತಿನಲ್ಲಿ. ಅದನ್ನು ಬಿಡಿಸಲು ಸಂಖ್ಯೆಗಳ ಮೊರೆಹೋಗಬೇಕು.

ಸಂಖ್ಯೆಗಳು ಜಗಳವಾಡುತ್ತವೆಯೇ?

ನಳಿಗೆ ರಿಸೀವರ್‌ಗೆ ಸೇರುವ ದಪ್ಪ ಭಾಗದ ಮೇಲೆ ಕಾರ್ಖಾನೆಯ ಗುರುತು, ವರ್ಷ ಮತ್ತು ರೈಫಲ್‌ನ ಕ್ರಮಸಂಖ್ಯೆ ಇರುತ್ತದೆ. ವರ್ಷದ ಪಕ್ಕದಲ್ಲಿ ಒಂದು ಸಿರಿಲಿಕ್ ಅಕ್ಷರ, ಕ್ರಮಸಂಖ್ಯೆಯ ಮೊದಲು ಎರಡು ಸಿರಿಲಿಕ್ ಅಕ್ಷರ ಸಾಮಾನ್ಯ. ಪಿ.ಯು. ಸ್ನೈಪರ್‌ಗಳಲ್ಲಿ ಇದೇ ಭಾಗದ ಎಡಕ್ಕೆ, ಮರದ ಅಂಚಿನ ಸ್ವಲ್ಪ ಮೇಲೆ, ಇನ್ನೊಂದು ಸಂಖ್ಯೆ ಇರುತ್ತದೆ. ಅದು ಆ ರೈಫಲ್‌ಗೆ ಕಾರ್ಖಾನೆಯಲ್ಲಿ ಕೂರಿಸಿದ ಸ್ಕೋಪಿನ ಸಂಖ್ಯೆ. ಸ್ಕೋಪ್ ಕೊಳವೆಯ ಮೇಲಿನ ಸಂಖ್ಯೆಯನ್ನು ಇದರೊಂದಿಗೆ ಹೋಲಿಸಿ. ಎರಡೂ ಒಂದೇ ಆಗಿದ್ದು, ಎರಡರ ಅಚ್ಚೂ ಸವೆತವೂ ಒಂದೇ ವಯಸ್ಸಿನವಾಗಿ ಕಂಡರೆ ಕೈಯಲ್ಲಿರುವುದು ಮೊದಲನೆಯ ಬಗೆಯ ರೈಫಲ್ ಆಗಿರುವ ಸಾಧ್ಯತೆ ಇದೆ. ಅಂಥದ್ದು ಸಿಕ್ಕರೆ ಎರಡನೆಯ ಅಭಿಪ್ರಾಯವಿಲ್ಲದೆ ಹಣ ಕೊಡಬೇಡಿ. ಕಾರಣ ಇಷ್ಟೇ: ಅಲ್ಲಿ ಹಣ ಹೆಚ್ಚು, ಹಣ ಹೆಚ್ಚಿರುವಲ್ಲಿ ಅಚ್ಚು ಒತ್ತುವವರೂ ಹೆಚ್ಚು.

ಸಾಮಾನ್ಯವಾಗಿ ಕಾಣುವ ಚಿತ್ರ ಬೇರೆ. ಯುದ್ಧದ ನಂತರ ಸೋವಿಯತ್ ಶಸ್ತ್ರಾಗಾರಗಳು ಈ ರೈಫಲ್‌ಗಳನ್ನು ರಾಶಿ ಹಾಕಿಕೊಂಡು ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ, ಮತ್ತೆ ಜೋಡಿಸಿ ಉಗ್ರಾಣಕ್ಕೆ ಕಳುಹಿಸಿದವು. ಯಾವ ರೈಫಲ್‌ಗೆ ಯಾವ ಸ್ಕೋಪ್ ಇತ್ತೆಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಮುಂದಿನ ಯುದ್ಧಕ್ಕೆ ರೈಫಲ್ ಸಿದ್ಧವಿರಬೇಕಿತ್ತು, ಅಷ್ಟೇ. ಹೀಗಾಗಿ ನಳಿಗೆಯ ಮೇಲಿನ ಹಳೆಯ ಸ್ಕೋಪ್ ಸಂಖ್ಯೆಯನ್ನು ಗೆರೆ ಎಳೆದು ಹೊಡೆದುಹಾಕಿರುತ್ತಾರೆ, ಹೊಸದಾಗಿ ಕೂರಿಸಿದ ಮೌಂಟ್ ಮೇಲೆ ರೈಫಲ್‌ನ ಸಂಖ್ಯೆಯನ್ನು ವಿದ್ಯುತ್ ಲೇಖನಿಯಿಂದ ಗೀಚಿರುತ್ತಾರೆ. ಬೋಲ್ಟ್, ಮ್ಯಾಗಜಿನ್‌ನ ತಳ, ಹಿಂಬದಿಯ ಲೋಹದ ತಟ್ಟೆ ಎಲ್ಲದಕ್ಕೂ ಅದೇ ಉಪಚಾರ. ಮರಕ್ಕೆ ಕೆಂಪುಛಾಯೆಯ ಅರಗಿನ ಮೆರುಗು ಬಳಿದಿರುತ್ತಾರೆ. ಲೋಹದ ಮೇಲೋ ಮರದ ಮೇಲೋ ಓರೆಗೆರೆ ಎಳೆದ ಚೌಕದ ಚಿಕ್ಕ ಅಚ್ಚು ಕಂಡರೆ ಅದೂ ದುರಸ್ತಿ ಶಸ್ತ್ರಾಗಾರದ ಗುರುತೇ.

ಇದೇ ಎರಡನೆಯ ಬಗೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಪಶ್ಚಿಮದ ಮಾರುಕಟ್ಟೆಗೆ ಬಂದ ಪಿ.ಯು.ಗಳಲ್ಲಿ ಹೆಚ್ಚಿನವು ಇವೇ. ಸಂಖ್ಯೆ ಹೊಂದಿಲ್ಲ ಎಂದು ಇವನ್ನು ತಿರಸ್ಕರಿಸುವುದು ತಪ್ಪು. ಗೀಚಿದ ಸಂಖ್ಯೆ, ಹೊಡೆದುಹಾಕಿದ ಸಂಖ್ಯೆ, ಬದಲಾದ ಸ್ಟಾಕ್ (ರೈಫಲ್‌ನ ಮರದ ಭಾಗ) ಎಲ್ಲವೂ ಆ ರೈಫಲ್ ನಿಜವಾಗಿ ಬಾಳಿದ ಬದುಕಿನ ದಾಖಲೆ. ಶಸ್ತ್ರಾಗಾರದ ಗುಮಾಸ್ತ ಗೀಚಿದ ಅಂಕೆಗಳ ಅವಸರ, ಅಕ್ಷರದ ಬಾಗು, ಅದರೊಳಗೆ ಸೇರಿಕೊಂಡ ಹಳೆಯ ಗ್ರೀಸ್ ನೋಡುತ್ತ ಹೋದಂತೆ ಕಣ್ಣು ಪಳಗುತ್ತದೆ. ಹೊಸದಾಗಿ ಗೀಚಿದ ಅಂಕೆಯ ತಳ ಬೆಳ್ಳಗೆ ಮಿನುಗುತ್ತದೆ. ಹಳೆಯದರ ತಳ ಸುತ್ತಲಿನ ಲೋಹದಷ್ಟೇ ಕಂದಿರುತ್ತದೆ.

ಸಂಖ್ಯೆಗಳು ಒಂದಕ್ಕೊಂದು ಹೊಂದದಿದ್ದರೆ ಚಿಂತೆಯಿಲ್ಲ, ಹೊಂದದಿರುವುದಕ್ಕೆ ಕಾರಣ ಕಾಣದಿದ್ದರೆ ಚಿಂತೆ ಮಾಡಬೇಕು. ನಳಿಗೆಯ ಮೇಲೆ ಹಳೆಯ ಸ್ಕೋಪ್ ಸಂಖ್ಯೆ ಹೊಡೆದುಹಾಕಿದೆ, ಮೌಂಟ್ ಮೇಲೆ ರೈಫಲ್ ಸಂಖ್ಯೆ ಹಳೆಯ ಗೀಚಿನಲ್ಲಿದೆ, ಅರಗು ಎಲ್ಲ ಕಡೆ ಒಂದೇ ಬಣ್ಣದಲ್ಲಿದೆ ಎಂದರೆ ಕಥೆ ಒಪ್ಪುತ್ತದೆ. ಸ್ಕೋಪ್ ಸಂಖ್ಯೆಯ ಗುರುತೇ ಇಲ್ಲ, ಮೌಂಟ್ ಖಾಲಿ, ಬೇಸ್ ಸುತ್ತ ಲೇಪ ಹೊಸದು ಎಂದರೆ ಒಪ್ಪುವುದಿಲ್ಲ.

ವರ್ಷವನ್ನೂ ಹೀಗೇ ಕೆಣಕಿ ನೋಡಿ. ಪಿ.ಯು. ಮೊಸಿನ್‌ನ ತಯಾರಿಕೆ ಶುರುವಾದದ್ದು 1942ರಲ್ಲಿ. ನಳಿಗೆಯ ಮೇಲೆ 1938 ಎಂದಿದ್ದು, ಅದರ ಮೇಲೆ ಪಿ.ಯು. ಮೌಂಟ್ ಕೂತಿದ್ದರೆ ವಿವರಣೆ ಕೇಳುವ ಹಕ್ಕು ನಿಮಗಿದೆ. ಸ್ತಾಲಿನ್‌ಗ್ರಾದ್‌ನಲ್ಲಿ ಹೋರಾಡಿದ ರೈಫಲ್ ಎಂದು ಮಾರುವುದು ಬಹಳ ಹಳೆಯ ಚಾಳಿ. ಆ ಕದನ ಮುಗಿದದ್ದು 1943ರ ಫೆಬ್ರವರಿ 2ಕ್ಕೆ. ಸೋವಿಯತ್ ಸ್ನೈಪರ್ ವಸಿಲಿ ಝೈತ್ಸೆವ್ ಹೆಸರಾದದ್ದು 1942ರ ನವೆಂಬರ್–ಡಿಸೆಂಬರ್‌ನ ಆ ಬೀದಿಕಾಳಗದಲ್ಲಿ. ಅವರ ರೈಫಲ್ ಇರುವುದು ಅದೇ ಊರಿನ, ಇಂದಿನ ವೊಲ್ಗೊಗ್ರಾದ್‌ನ, ವಸ್ತುಸಂಗ್ರಹಾಲಯದಲ್ಲಿ. ನಿಮ್ಮ ಮುಂದಿರುವ ನಳಿಗೆಯ ಮೇಲೆ 1943 ಅಥವಾ 1944 ಎಂದು ಇದ್ದರೆ ಸ್ತಾಲಿನ್‌ಗ್ರಾದ್ ಮಾತನ್ನು ಅಲ್ಲೇ ನಿಲ್ಲಿಸಬಹುದು. ವರ್ಷ ಹೊಂದಿದರೂ ಕಾಗದಪತ್ರವಿಲ್ಲದ ಕಥೆಗೆ ಒಂದು ರೂಪಾಯಿಯೂ ಹೆಚ್ಚು ಕೊಡಬಾರದು. ಆ ಯುದ್ಧದಲ್ಲಿ ಸುಮಾರು 2.7 ಕೋಟಿ ಸೋವಿಯತ್ ಜನರು ಸತ್ತರು. ಅವರ ಹೆಸರಿನಲ್ಲಿ ಕಥೆ ಕಟ್ಟಿ ಬೆಲೆ ಏರಿಸುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ಮುಚ್ಚಿಡಬೇಕೆಂದೂ ಅನಿಸುವುದಿಲ್ಲ.

ಸ್ಕೋಪ್ ಮೂಲಕ ನೋಡುವಾಗ

ಪಿ.ಯು. ಸ್ಕೋಪ್ ಕೈಯಲ್ಲಿ ಹಿಡಿದರೆ ಅಚ್ಚರಿಯಾಗುವಷ್ಟು ಚಿಕ್ಕದು. ಉದ್ದ 169 ಮಿ.ಮೀ., ತೂಕ ಸುಮಾರು 270 ಗ್ರಾಂ, ವರ್ಧನೆ 3.5 ಪಟ್ಟು. ಪಿ.ಇ. ಇದರ ಎರಡರಷ್ಟು ತೂಗುತ್ತದೆ. ಮೇಲಿನ ಗುಂಡಿ ದೂರಕ್ಕೆ, 1ರಿಂದ 13ರವರೆಗೆ, ಅಂದರೆ 1300 ಮೀಟರ್‌ವರೆಗೆ. ಪಕ್ಕದ ಗುಂಡಿ ಗಾಳಿಗೆ, ಎಡಬಲಕ್ಕೆ. ಫೋಕಸ್ ಹೊಂದಿಸುವ ಅವಕಾಶವಿಲ್ಲ.

ಇಂದಿನ ಸ್ಕೋಪ್‌ಗಳಿಗೆ ಒಗ್ಗಿದವರು ತಪ್ಪಾಗಿ ತಿಳಿಯುವ ಒಂದು ಸಂಗತಿ ಇಲ್ಲಿದೆ, ಕೊಳ್ಳುವವರಿಗೆ ಅದೇ ಒಳ್ಳೆಯ ಪರೀಕ್ಷೆಯೂ ಹೌದು. ಹೊಸ ಸ್ಕೋಪ್‌ನಲ್ಲಿ ಗುಂಡಿ ತಿರುಗಿಸಿದರೆ ಗುರಿಗೆರೆ ದೃಶ್ಯದ ನಡುವೆಯೇ ಉಳಿಯುತ್ತದೆ. ಪಿ.ಯು.ನಲ್ಲಿ ಹಾಗಲ್ಲ, ಗುರಿಗೆರೆಯೇ ವೃತ್ತದೊಳಗೆ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಸರಿಯುತ್ತದೆ. ರೈಫಲ್‌ನ ಗುರಿ ಹೊಂದಿಸಿದ ಸ್ಥಿತಿಯಲ್ಲಿ ಸ್ಕೋಪ್‌ನೊಳಗೆ ನೋಡಿದಾಗ ಮೂರು ಕಂಬಗಳ ಆ ಗುರಿಗೆರೆ ಹೆಚ್ಚು ಕಡಿಮೆ ನಡುವೆ ಇದ್ದರೆ ಮೌಂಟನ್ನು ರೈಫಲ್‌ಗೆ ಸರಿಯಾಗಿ ಹೊಂದಿಸಿ ಕೂರಿಸಿದ್ದಾರೆ. ಗುರಿಗೆರೆ ಒಂದು ಮೂಲೆಗೆ ಹೋಗಿ ಅಂಟಿಕೊಂಡಿದ್ದರೆ ಮೌಂಟ್ ಬೇರೆ ರೈಫಲ್‌ನದು, ಅಥವಾ ಬೇಸ್ ಕೊರೆದವನ ಕೈ ಸೊಟ್ಟ. ಕಾರ್ಖಾನೆಯಲ್ಲಿ ಇದನ್ನು ಕೈಯಿಂದ ಹೊಂದಿಸುತ್ತಿದ್ದರು. ಬೇಸ್‌ನ ಮುಂಭಾಗದಲ್ಲಿ ಚೆಂಡಿನಾಕಾರದ ಗುಬುಟು, ಹಿಂಭಾಗದಲ್ಲಿ ಬಿಗಿಯುವ ತಿರುಪು; ಮೇಲೆ-ಕೆಳಗೆ ಹೊಂದಿಸಲು ಎದುರುಬದುರು ಎರಡು ಸ್ಕ್ರೂ; ಎಡಬಲಕ್ಕೆ ಮಾತ್ರ ಮೌಂಟ್ ತಾಗುವ ಲೋಹವನ್ನೇ ಅರದಿಂದ ಉಜ್ಜಿ ಸರಿಮಾಡಬೇಕಿತ್ತು. ಅಸಲಿ ಮೌಂಟ್‌ನ ಆ ಭಾಗದಲ್ಲಿ ಹಳೆಯ ಅರದ ಗೀರುಗಳು ಕಂಡರೆ ಅದು ದೋಷವಲ್ಲ, ಒಳ್ಳೆಯ ಲಕ್ಷಣ. ಒಂದು ಮೌಂಟನ್ನು ಬಿಚ್ಚಿ ಇನ್ನೊಂದು ರೈಫಲ್‌ಗೆ ಹಾಕಿದರೆ ಗುರಿ ತಪ್ಪುವುದೂ ಇದರಿಂದಲೇ.

ಗಾಜನ್ನು ಆಕಾಶದ ಬೆಳಕಿಗೆ ಹಿಡಿದು ನೋಡಿ. ಎಂಬತ್ತು ವರ್ಷದ ಮಸೂರಗಳ ನಡುವಿನ ಅಂಟು ಮಬ್ಬಾಗುತ್ತದೆ, ಅಂಚಿನಿಂದ ಹಳದಿ ಮೋಡದಂತೆ ಹಬ್ಬುತ್ತದೆ. ಸ್ವಲ್ಪ ಮಬ್ಬಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಮಬ್ಬು ನಡುವಿಗೆ ಬಂದಿದ್ದರೆ ಗೋಡೆಗೆ ತೂಗುಹಾಕಲು ಮಾತ್ರ. ಬಿಚ್ಚಿ ಒರೆಸುತ್ತೇನೆ ಎನ್ನುವ ಸಾಹಸ ಬೇಡ.

ಹೊಸದಾಗಿ ತಯಾರಾದ ಪಿ.ಯು. ನಕಲುಗಳು ಬೇಕಾದಷ್ಟಿವೆ. ಕಾರ್ಖಾನೆಯ ಅಚ್ಚು ಇಲ್ಲದಿರುವುದು, ಇದ್ದರೂ ರೇಖೆಗಳು ಒಂದೇ ಆಳದಲ್ಲಿ ತೀರಾ ಚೊಕ್ಕಟವಾಗಿರುವುದು, ಗುಂಡಿಗಳ ಮೇಲಿನ ಬಿಳಿ ಅಂಕೆಗಳು ಎಲ್ಲಿಯೂ ಸವೆಯದಿರುವುದು ಇವುಗಳ ಲಕ್ಷಣ. ಹಂಗೇರಿ ಐವತ್ತರ ದಶಕದಲ್ಲಿ ತಯಾರಿಸಿದ ಎಂ/52 ರೈಫಲ್ ಕೂಡ ಪಿ.ಯು. ಮಾದರಿಯದೇ, ಅದರ ಮೇಲೆ 02 ಎಂಬ ಗುರುತಿರುತ್ತದೆ. ಅದು ನಕಲಿಯಲ್ಲ, ಬೇರೆ ದೇಶದ ಅಸಲಿ, ಕೆಲಸ ಸೋವಿಯತ್ ಯುದ್ಧಕಾಲದ್ದಕ್ಕಿಂತ ನಯ. ಸೋವಿಯತ್ ಎಂದು ಮಾರಿದರೆ ಮಾತ್ರ ತಕರಾರು.

ನಳಿಗೆ, ಬೋಲ್ಟ್, ಮರ

ಹಳೆಯ ಸೋವಿಯತ್ ಕಾಡತೂಸುಗಳ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಭಾಗ) ಉರಿದ ಮೇಲೆ ನಳಿಗೆಯೊಳಗೆ ಉಪ್ಪು ಉಳಿಯುತ್ತದೆ. ಉಪ್ಪು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಯಿಂದ ಒರೆಸಿದರೆ ಉಪ್ಪು ಹೋಗುವುದಿಲ್ಲ. ಬಿಸಿನೀರಿನಿಂದ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಹಿಂದಿನ ಮಾಲೀಕರಿಗೆ ಇದು ಗೊತ್ತಿತ್ತೋ ಇಲ್ಲವೋ ನಳಿಗೆಯೇ ಹೇಳುತ್ತದೆ. ಬೋಲ್ಟ್ ತೆಗೆದು ಹಿಂದಿನಿಂದ ಬೆಳಕಿಗೆ ನೋಡಿ. ಸುರುಳಿ ಗೀರುಗಳು ಕಪ್ಪಾಗಿದ್ದರೂ ಅಂಚು ಚೂಪಾಗಿದ್ದರೆ ಸರಿ, ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದರೆ ಯೋಚಿಸಬೇಕು.

ನಳಿಗೆಯ ಬಾಯಿ ಇನ್ನೂ ಮುಖ್ಯ. ಮುಂಭಾಗದಿಂದ ಸ್ವಚ್ಛಗೊಳಿಸುವ ಕಡ್ಡಿ ಹಾಕಿ ಹಾಕಿ ಬಾಯಿಯ ಗೀರುಗಳು ಸವೆಯುತ್ತವೆ, ಗುಂಡು ಹೊರಡುವ ಕೊನೆಯ ಕ್ಷಣದಲ್ಲಿ ದಾರಿ ತಪ್ಪುತ್ತದೆ. ಶಸ್ತ್ರಾಗಾರಗಳು ಸವೆದ ಭಾಗವನ್ನು ಒಳಗಿನಿಂದ ಕೊರೆದು ತೆಗೆದು, ಗೀರುಗಳು ಒಳಗಿನಿಂದ ಹೊಸದಾಗಿ ಮುಗಿಯುವಂತೆ ಮಾಡುತ್ತಿದ್ದವು. ಸಾಮಾನ್ಯ ಮೊಸಿನ್‌ಗಳಲ್ಲಿ ಇದು ಬಹಳ ಕಾಣುತ್ತದೆ. ಬಾಯಿಯೊಳಗೆ ಬೆಳಕು ಹಾಕಿದಾಗ ಮೊದಲ ಒಂದೆರಡು ಬೆರಳಗಲ ಗೀರಿಲ್ಲದೆ ನುಣುಪಾಗಿದ್ದರೆ ಕೊರೆದಿದ್ದಾರೆ ಎಂದೇ ಅರ್ಥ. ಹೀಗೆ ಕೊರೆದದ್ದೂ ಚೆನ್ನಾಗಿ ಹೊಡೆಯಬಹುದು. ಆದರೆ ಸಂಗ್ರಹದ ಬೆಲೆ ಇಳಿಯುತ್ತದೆ, ಇಳಿಸಿ ಕೇಳಿ. ಹಾರಿಸುವ ಉದ್ದೇಶವಿದ್ದರೆ ಬಂದೂಕು ತಜ್ಞರಿಂದ ಹೆಡ್‌ಸ್ಪೇಸ್ ಗೇಜ್ (ಬೋಲ್ಟ್ ಮುಚ್ಚಿದಾಗ ಕಾಡತೂಸಿಗೆ ಉಳಿಯುವ ಜಾಗವನ್ನು ಅಳೆಯುವ ಸಾಧನ) ಹಾಕಿಸಿ ನೋಡುವುದು ಕಡ್ಡಾಯ. ಬೇರೆ ರೈಫಲ್‌ನ ಬೋಲ್ಟ್ ಹಾಕಿದ ಮೊಸಿನ್‌ಗಳು ಸಾಕಷ್ಟಿವೆ.

ಬೋಲ್ಟ್‌ನ ಹಿಡಿಕೆ ನಕಲಿಗಳನ್ನು ಬೇಗ ಹಿಡಿದುಕೊಡುತ್ತದೆ. ಸಾಮಾನ್ಯ ಮೊಸಿನ್‌ನ ನೇರ ಹಿಡಿಕೆ ಮೇಲೆತ್ತಿದರೆ ಸ್ಕೋಪ್‌ಗೆ ಬಡಿಯುತ್ತದೆ. ಆದ್ದರಿಂದ ಸ್ನೈಪರ್‌ಗೆ ಕೆಳಕ್ಕೆ ಬಾಗಿದ, ಉದ್ದವಾದ ಹಿಡಿಕೆ. ಅಸಲಿಯಲ್ಲಿ ಅದರ ಬುಡದಿಂದ ತುದಿಯವರೆಗೆ ಲೋಹ ಒಂದೇ ಓಟದಲ್ಲಿ ಹರಿದಿರುತ್ತದೆ. ನಕಲಿನಲ್ಲಿ ನೇರ ಹಿಡಿಕೆ ಕತ್ತರಿಸಿ ಬಾಗಿದ್ದನ್ನು ಬೆಸೆದಿರುತ್ತಾರೆ. ಬುಡದಲ್ಲಿ ಉಬ್ಬು, ಅರೆದ ಗುರುತು, ಲೇಪದ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ಎಕ್ಸ್-ಸ್ನೈಪರ್‌ನಲ್ಲಿ ಮತ್ತೆ ನೇರ ಹಿಡಿಕೆಯೇ ಇರುತ್ತದೆ, ಇರಬೇಕಾದದ್ದೂ ಹಾಗೆಯೇ.

ಮರದ ಸ್ಟಾಕ್‌ನ ಎಡಭಾಗದಲ್ಲಿ ಬೇಸ್‌ಗೆ ಜಾಗ ಮಾಡಿ ಕೆತ್ತಿರುತ್ತಾರೆ. ಹಳೆಯ ಕೆತ್ತನೆಯೊಳಗೂ ಅರಗು, ಎಣ್ಣೆ, ಕೊಳೆ ಇಳಿದಿರಬೇಕು. ಒಳಗೆ ಬೆಳ್ಳನೆಯ ಹೊಸ ಮರ ಕಂಡರೆ ಈಚೆಗೆ ಕೆತ್ತಿದ್ದು. ಯುದ್ಧಕಾಲದ ರಿಸೀವರ್ ಮೇಲೆ ಒರಟು ಯಂತ್ರದ ಗೀರುಗಳಿರುವುದು ಸಹಜ, ಅದನ್ನು ದೋಷವೆಂದು ಎಣಿಸಬೇಡಿ. 1942–43ರಲ್ಲಿ ಹೊಳಪು ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ. ತೀರಾ ನುಣುಪಾಗಿರುವ 1943ರ ರಿಸೀವರ್ ಕಂಡರೆ ಯಾರೋ ಉಜ್ಜಿದ್ದಾರೆಂದು ಅನುಮಾನಿಸಬೇಕು.

ದ್ರಾಗುನೋವ್ ಬೇಕೆನ್ನುವವರಿಗೆ

ಹಳೆಯ ಸೋವಿಯತ್ ಸ್ನೈಪರ್ ಎಂದರೆ ಅನೇಕರ ಕಣ್ಣ ಮುಂದೆ ಬರುವುದು ಎಸ್‌ವಿಡಿ. ಯೆವ್ಗೆನಿ ದ್ರಾಗುನೋವ್ ವಿನ್ಯಾಸದ ಈ ರೈಫಲ್ ಸೇನೆಗೆ ಸೇರಿದ್ದು 1963ರಲ್ಲಿ. ಭಾರತೀಯ ಸೇನೆಯೂ ಇದನ್ನು ದಶಕಗಳ ಕಾಲ ಬಳಸಿದೆ. ಆದ್ದರಿಂದ ಮೊಸಿನ್ ಕೇಳದವರೂ ಈ ಹೆಸರು ಕೇಳಿರುತ್ತಾರೆ. ಅಸಲಿ ಸೋವಿಯತ್ ಎಸ್‌ವಿಡಿ ಅಮೆರಿಕದ ಮಾರುಕಟ್ಟೆಗೆ ಬಂದದ್ದು ಬೆರಳೆಣಿಕೆಯಷ್ಟು. 2021ರಲ್ಲಿ ರಷ್ಯಾದ ಬಂದೂಕು, ಮದ್ದುಗುಂಡುಗಳ ಆಮದಿಗೆ ಹೊಸ ಅನುಮತಿಯೂ ನಿಂತಿತು. ದ್ರಾಗುನೋವ್ ಎಂದು ಹೆಚ್ಚಾಗಿ ತೋರಿಸುವುದು ರುಮೇನಿಯಾದ ಪಿಎಸ್‌ಎಲ್ ರೈಫಲ್. ಹೊರನೋಟ ಹತ್ತಿರ, ಒಳಗೆ ಸಂಬಂಧವೇ ಇಲ್ಲ. ಅದು ಕಲಾಶ್ನಿಕೋವ್ ವಂಶದ ಯಂತ್ರವನ್ನು ದೊಡ್ಡದು ಮಾಡಿದ್ದು. ಎರಡರ ಮ್ಯಾಗಜಿನ್ ಕೂಡ ಒಂದಕ್ಕೊಂದು ಕೂರುವುದಿಲ್ಲ. ಮ್ಯಾಗಜಿನ್‌ನ ಪಕ್ಕದಲ್ಲಿ ದೊಡ್ಡ ಅಡ್ಡಗುಣಿತದ ಅಚ್ಚಿದ್ದರೆ ಅದು ಪಿಎಸ್‌ಎಲ್. ಹಾರಿಸಲು ಒಳ್ಳೆಯ ರೈಫಲ್ಲೇ, ಅದನ್ನು ಅದರ ಹೆಸರಿನಲ್ಲೇ ಕೊಳ್ಳಿ.

ನಿಮಗೆ ಯಾವುದು?

ಇತಿಹಾಸದ ವಸ್ತು ಬೇಕು, ವರ್ಷಕ್ಕೊಮ್ಮೆ ರೇಂಜಿಗೂ ಒಯ್ಯಬೇಕು ಎನ್ನುವವರಿಗೆ ನನ್ನ ಮತ ಸ್ಪಷ್ಟ: ಸೋವಿಯತ್ ಶಸ್ತ್ರಾಗಾರದಲ್ಲಿ ದುರಸ್ತಿಯಾದ ಇಝೆವ್‌ಸ್ಕ್ ಪಿ.ಯು. ಅದರಲ್ಲಿ ಅಸಲಿ ನಳಿಗೆ, ಅಸಲಿ ಬೇಸ್, ಅಸಲಿ ಸ್ಕೋಪ್ ಮೂರೂ ಇರುತ್ತವೆ. ಇಲ್ಲದ್ದು ಮೂಲ ಜೋಡಿ ಮಾತ್ರ. ಹಾರಿಸುವಾಗ ಒಂದು ಅನನುಕೂಲ ನೆನಪಿರಲಿ. ಸ್ಕೋಪ್ ಅಡ್ಡ ಬರುವುದರಿಂದ ಐದು ಕಾಡತೂಸಿನ ಪಟ್ಟಿಯನ್ನು ಒಮ್ಮೆಗೇ ಒತ್ತಲಾಗುವುದಿಲ್ಲ, ಒಂದೊಂದಾಗಿ ತುಂಬಬೇಕು. ಕೆನ್ನೆಗೆ ಆಧಾರ ಸಿಗದೆ ಕತ್ತು ಎತ್ತಿ ನೋಡಬೇಕು. ಆ ಕಾಲದ ಹುಡುಗ ಹುಡುಗಿಯರು ಹಿಮದಲ್ಲಿ ಗಂಟೆಗಟ್ಟಲೆ ಹೀಗೇ ಮಲಗಿದ್ದರು ಎಂಬುದು ಅದನ್ನು ಹಿಡಿದು ಮಲಗಿದಾಗ ಮೈಗೇ ಅರ್ಥವಾಗುತ್ತದೆ.

ಹಣ ಕಡಿಮೆಯಿದ್ದು, ಇತಿಹಾಸದ ಮೇಲೆ ಪ್ರೀತಿ ಹೆಚ್ಚಿದ್ದರೆ ಎಕ್ಸ್-ಸ್ನೈಪರ್ ಕೊಳ್ಳಿ, ಕೊಂಡದ್ದನ್ನು ಹಾಗೆಯೇ ಇಡಿ. ಮುಚ್ಚಿದ ತೂತುಗಳನ್ನು ಮತ್ತೆ ಕೊರೆಸಿ ಸ್ಕೋಪ್ ಏರಿಸುವುದನ್ನು ಪುನರುದ್ಧಾರ ಎಂದು ಹಲವರು ಹೇಳುತ್ತಾರೆ; ನಾನು ಒಪ್ಪುವುದಿಲ್ಲ. ಆ ತೂತು ಮುಚ್ಚಿದ್ದೂ ಸೋವಿಯತ್ ಕೆಲಸಗಾರನೇ, ಅದೂ ಅದರ ಚರಿತ್ರೆಯೇ. ಕೊರೆದರೆ ನಾಲ್ಕನೆಯ ಬಗೆಯ ಇನ್ನೊಂದು ರೈಫಲ್ ಹುಟ್ಟುತ್ತದೆ, ನಿಮ್ಮ ನಂತರದ ಮಾಲೀಕರು ಅದನ್ನು ಅಸಲಿ ಎಂದು ಮಾರುತ್ತಾರೆ.

ರೇಂಜಿನಲ್ಲಿ ಹಳೆಯ ಅನುಭವ ಬೇಕು, ಸಂಗ್ರಹದ ಆಸೆಯಿಲ್ಲ ಎಂದಾದರೆ ನಕಲಿ ಪಿ.ಯು. ಸಾಕು. ಮೌಂಟ್ ಗಟ್ಟಿಯಾಗಿ ಕೂತಿದೆಯೇ, ನಳಿಗೆ ಚೆನ್ನಾಗಿದೆಯೇ ನೋಡಿ. ಸಾಮಾನ್ಯ ಮೊಸಿನ್, ಒಂದು ಸ್ಕೋಪ್ ಮತ್ತು ಕೂಲಿ, ಇಷ್ಟರ ಮೊತ್ತಕ್ಕಿಂತ ಹೆಚ್ಚು ಕೊಡಬೇಡಿ. ನಾಲ್ಕನೆಯ ಬಗೆಯನ್ನು ಕೊಳ್ಳುವುದಾದರೆ ಯಾರು, ಯಾವಾಗ ಜೋಡಿಸಿದರು ಎಂಬುದನ್ನು ಮಾರುವವರಿಂದ ಬರಹದಲ್ಲಿ ಪಡೆದು ರೈಫಲ್ ಜೊತೆಗೇ ಇಡಿ. ದುರಸ್ತಿಯಾಗದ ಅಸಲಿಗೆ ಕೈಹಾಕುವವರು ಮೊದಲು ಬೇರೆಯವರ ಸಂಗ್ರಹದಲ್ಲಿ ಸಾಧ್ಯವಾದಷ್ಟು ಅಸಲಿಗಳನ್ನು ಕೈಯಲ್ಲಿ ಹಿಡಿದು ನೋಡಿರಬೇಕು.

ದೂರದಿಂದ ಕೊಳ್ಳುವುದಾದರೆ ಇಡೀ ರೈಫಲ್‌ನ ಅಂದದ ಚಿತ್ರ ಬೇಡ. ಬೋಲ್ಟ್ ತೆಗೆದ ಎಡಗೋಡೆಯ ಒಳಭಾಗ ಮತ್ತು ಹೊರಭಾಗ, ನಳಿಗೆಯ ದಪ್ಪ ಭಾಗದ ಮೇಲ್ಮೈ ಮತ್ತು ಎಡಬದಿ, ಮೌಂಟ್‌ನ ಸಂಖ್ಯೆ, ಸ್ಕೋಪ್‌ನ ಅಚ್ಚು, ಬೋಲ್ಟ್ ಹಿಡಿಕೆಯ ಬುಡ, ನಳಿಗೆಯ ಬಾಯಿ, ಸ್ಕೋಪ್ ಮೂಲಕ ಕಾಣುವ ಗುರಿಗೆರೆ: ಇವುಗಳ ಚಿತ್ರವನ್ನು ಓರೆ ಬೆಳಕಿನಲ್ಲಿ ಕೇಳಿ. ರೈಫಲ್‌ಗೆ ಮತ್ತೆ ಮೆರುಗು ಬಳಿಸಿ, ಲೇಪ ಹಾಕಿಸಿ ಕೊಡುತ್ತೇವೆ ಎಂದರೆ ಬೇಡವೆನ್ನಿ. ಹಳೆಯ ಅರಗು ಉಜ್ಜಿದ ಮೇಲೆ ಅದರ ಕೆಳಗಿನ ಗುರುತುಗಳೂ ಹೋಗುತ್ತವೆ. ಇಷ್ಟು ಚಿತ್ರಗಳನ್ನು ಕಳುಹಿಸಲು ಮಾರುವವರು ಹಿಂಜರಿದರೆ ಬೇರೆ ರೈಫಲ್ ಹುಡುಕಿ. ಪಿ.ಯು.ಗಳು ಇನ್ನೂ ಮಾರಾಟಕ್ಕೆ ಬರುತ್ತಲೇ ಇವೆ.